ಚೈನು ಹಿಡಿದು ಹೊರಟರೆ ಎಗರಾಡುವ ನಾಯಿ: ಯಾವುದು ಮೊದಲು, ಯಾವುದು ಆಮೇಲೆ

ಮನೆಯೊಳಗೆ ಸಾಧು ಪ್ರಾಣಿ. ಗೇಟು ದಾಟಿ ಬೀದಿಗಿಳಿದು ಇನ್ನೊಂದು ನಾಯಿ ಕಂಡರೆ ಮುಗೀತು. ಹಿಂಗಾಲ ಮೇಲೆ ನಿಂತು, ಚೈನು ಕಿತ್ತು ಬರುವ ಹಾಗೆ ಎಗರಿ, ಬೀದಿಗೆಲ್ಲ ಕೇಳುವಷ್ಟು ಬೊಗಳುತ್ತದೆ. ಕೆಲವು ನಾಯಿಗಳಿಗೆ ಬೇರೆ ನಾಯಿ ಆಗಲ್ಲ. ಕೆಲವಕ್ಕೆ ಸ್ಕೂಟರ್, ಹೆಲ್ಮೆಟ್ ಹಾಕಿದ ಡೆಲಿವರಿ ಹುಡುಗರು, ಓಡಾಡುವ ಮಕ್ಕಳು ಆಗಲ್ಲ.

ಈ ಕಷ್ಟ ಹೇಳಿಕೊಳ್ಳುವವರು ಸುಮ್ನೆ ಕೂತವರಲ್ಲ. ವಿಡಿಯೋ ನೋಡಿರುತ್ತಾರೆ, ಜೇಬಲ್ಲಿ ಚಿಕನ್ ತುಂಡು ಇಟ್ಟುಕೊಂಡು ಹೋಗಿರುತ್ತಾರೆ, ಎದೆಗೆ ತೊಡಿಸುವ ಹಾರ್ನೆಸ್ ಕೊಂಡಿರುತ್ತಾರೆ. ಆದರೂ ತಿಂಗಳುಗಟ್ಟಲೆ ಏನೂ ಬದಲಾಗಿರುವುದಿಲ್ಲ. ವಿವರ ಕೇಳುತ್ತಾ ಹೋದರೆ ಮತ್ತೆ ಮತ್ತೆ ಒಂದೇ ತಪ್ಪು ಕಾಣುತ್ತದೆ. ನಾಯಿ ಬೊಗಳೋಕೆ ಶುರು ಮಾಡಿದ ಮೇಲೆ ಇವರು ಕಲಿಸೋಕೆ ಶುರು ಮಾಡುತ್ತಾರೆ. ಆ ಹೊತ್ತಿಗೆ ನಾಯಿಯ ಕಿವಿಗೆ ನಿಮ್ಮ ಮಾತು ಬೀಳುವುದಿಲ್ಲ, ಚಿಕನ್ ಕಡೆ ಗಮನವೂ ಹೋಗುವುದಿಲ್ಲ. ಕಲಿಕೆ ನಡೆಯಬೇಕಾದದ್ದು ಅದಕ್ಕಿಂತ ತುಂಬಾ ಮುಂಚೆ, ತುಂಬಾ ದೂರದಲ್ಲಿ. ಅದಕ್ಕೇ ಇಲ್ಲಿರುವ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಒಂದನ್ನು ಹಾರಿಸಿದರೆ ಮುಂದಿನದು ಕೈಗೆ ಹತ್ತುವುದಿಲ್ಲ.

## ಮೊದಲು ತಿಳಿದಿರಬೇಕಾದದ್ದು: ಎಗರಾಟ ಬೇರೆ, ಆಕ್ರಮಣ ಬೇರೆ

ಸಣ್ಣ ವಿಷಯಕ್ಕೂ ಅತಿಯಾಗಿ ಕೆರಳುವ ನಾಯಿಯನ್ನು ಟ್ರೈನರ್‌ಗಳು ರಿಯಾಕ್ಟಿವ್ ಅನ್ನುತ್ತಾರೆ. ಹೀಗೆ ಎಗರಾಡುವ ನಾಯಿಗಳೆಲ್ಲ ಕಚ್ಚುವ ನಾಯಿಗಳಲ್ಲ. ಹೆಚ್ಚಿನವು ಹೆದರಿಕೊಂಡಿರುತ್ತವೆ. ಬೊಗಳಿದರೆ ಎದುರಿನ ನಾಯಿ ದೂರ ಹೋಗುತ್ತದೆ ಎಂದು ಕಲಿತಿರುತ್ತವೆ. ಹೆದರಿದ ನಾಯಿಗೆ ಓಡಿಹೋಗುವ ದಾರಿಯಿದ್ದರೆ ಓಡಿಹೋಗುತ್ತದೆ. ಚೈನು ಹಾಕಿದಾಗ ಆ ದಾರಿ ಇರುವುದಿಲ್ಲ. ಉಳಿಯುವುದು ಅಬ್ಬರ ಒಂದೇ.

ಇನ್ನು ಕೆಲವಕ್ಕೆ ಹೆದರಿಕೆ ಇಲ್ಲ, ಎದುರಿನ ನಾಯಿಯ ಹತ್ತಿರ ಹೋಗಲು ಬಿಡುತ್ತಿಲ್ಲ ಎಂಬ ಚಡಪಡಿಕೆ. ಚೈನಿಲ್ಲದೆ ಬಿಟ್ಟಾಗ ಬೇರೆ ನಾಯಿಗಳ ಜೊತೆ ಚೆನ್ನಾಗಿ ಆಡುವ ನಾಯಿ ಚೈನಿನಲ್ಲಿ ಮಾತ್ರ ಹಾರಾಡಿದರೆ ಅದು ಈ ಗುಂಪಿನದು. ಮರಿಯಿದ್ದಾಗ ದಾರಿಯಲ್ಲಿ ಸಿಕ್ಕ ಎಲ್ಲ ನಾಯಿಗಳ ಹತ್ತಿರವೂ ಕರೆದುಕೊಂಡು ಹೋಗಿ ಮೂಸಿಸಿದ್ದರೆ ದೊಡ್ಡದಾದ ಮೇಲೆ ಹೀಗಾಗುವುದುಂಟು.

ಕಚ್ಚಿ ಗಾಯ ಮಾಡಿದ ಇತಿಹಾಸ ಇದ್ದರೆ ಲೆಕ್ಕ ಬೇರೆ. ಕಡಿತ ಎಷ್ಟು ಗಂಭೀರ ಎಂದು ಅಳೆಯಲು ಪಶುವೈದ್ಯ ಇಯಾನ್ ಡನ್‌ಬಾರ್ ಮಾಡಿದ 6 ಹಂತಗಳ ಅಳತೆಯನ್ನು ಟ್ರೈನರ್‌ಗಳು ಇಂದಿಗೂ ಬಳಸುತ್ತಾರೆ. ಅದರಲ್ಲಿ 1ನೇ ಹಂತ ಎಂದರೆ ಹಲ್ಲು ತಾಗದೆ ಬರೀ ಮೈಮೇಲೆ ಬಂದದ್ದು. 2 ಎಂದರೆ ಹಲ್ಲು ತಾಗಿದೆ, ತೂತು ಬಿದ್ದಿಲ್ಲ. 3ರಲ್ಲಿ ಆಳವಿಲ್ಲದ ತೂತು. 4ರಿಂದ ಮೇಲೆ ಆಳದ ಗಾಯ. ನಿಮ್ಮ ನಾಯಿ 3 ಅಥವಾ ಅದಕ್ಕಿಂತ ಮೇಲಿದ್ದರೆ ಈ ಮಾರ್ಗದರ್ಶಿ ಒಂದನ್ನೇ ನಂಬಿ ಹೊರಡಬೇಡಿ. ಕೆಳಗಿನ "ಹಂತ 1: ಪಶುವೈದ್ಯರ ಹತ್ತಿರ ಹೋಗಿ" ಮುಗಿಸಿ ನೇರವಾಗಿ ಕೊನೆಯ ಭಾಗ ಓದಿ.

## ಹಂತ 1: ಪಶುವೈದ್ಯರ ಹತ್ತಿರ ಹೋಗಿ

ನೋವಿರುವ ನಾಯಿಗೆ ಎಷ್ಟು ತರಬೇತಿ ಕೊಟ್ಟರೂ ಅಷ್ಟಕ್ಕಷ್ಟೆ. ಕಿವಿಯ ಸೋಂಕು, ಹಲ್ಲು ನೋವು, ಸೊಂಟದ ಕೀಲಿನ ತೊಂದರೆ, ಥೈರಾಯ್ಡ್, ಮಂದವಾಗುತ್ತಿರುವ ಕಣ್ಣು, ಇವೆಲ್ಲ ಸಿಡುಕಿಗೆ ಕಾರಣವಾಗಬಹುದು. ಉಣ್ಣೆ ಕಚ್ಚಿ ಬರುವ ಟಿಕ್ ಫೀವರ್ ನಮ್ಮ ಬೆಂಗಳೂರಿನಲ್ಲಿ ಸಾಮಾನ್ಯ. ಜ್ವರ, ಸುಸ್ತು, ಕೀಲು ನೋವು ಇದ್ದ ನಾಯಿ ಮುಟ್ಟಿದರೆ ಗುರ್ ಎನ್ನುವುದು ಸಹಜ ಅಲ್ವಾ?

ಇದುವರೆಗೆ ಚೆನ್ನಾಗಿದ್ದ ದೊಡ್ಡ ನಾಯಿ ಇದ್ದಕ್ಕಿದ್ದ ಹಾಗೆ ಬದಲಾದರೆ ಮೊದಲ ಅನುಮಾನ ನೋವಿನ ಮೇಲೇ ಇರಲಿ. ಹತ್ತಿರದ ಕ್ಲಿನಿಕ್‌ನಲ್ಲಿ ಎಕ್ಸ್‌ರೇ, ರಕ್ತ ಪರೀಕ್ಷೆ ಸಿಗದಿದ್ದರೆ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ. ಹೋದಾಗ ರೇಬಿಸ್ ಲಸಿಕೆಯ ಪುಸ್ತಕವನ್ನೂ ತೋರಿಸಿ. ಬೂಸ್ಟರ್ ದಿನ ದಾಟಿದ್ದರೆ ಅಂದೇ ಹಾಕಿಸಿ.

ನಾಯಿ ಎಗರಾಡುವ ಹಳೆಯ ವಿಡಿಯೋ ಫೋನಿನಲ್ಲಿದ್ದರೆ ಡಾಕ್ಟರಿಗೆ ತೋರಿಸಿ. ಅದಕ್ಕೋಸ್ಕರ ಮತ್ತೆ ಕೆರಳಿಸಿ ವಿಡಿಯೋ ಮಾಡಬೇಡಿ.

## ಹಂತ 2: ಮೈ ಓದುವುದನ್ನು ಕಲಿಯಿರಿ

ಎಲ್ಲಕ್ಕಿಂತ ಹೆಚ್ಚು ಸಮಯ ಇಲ್ಲೇ ಕೊಡಿ. "ಯಾವ ಸೂಚನೆಯೂ ಇಲ್ಲದೆ ಕಚ್ಚಿಬಿಟ್ಟಿತು" ಎಂದು ಜನ ಹೇಳುತ್ತಾರೆ. ಸೂಚನೆ ಇರುತ್ತದೆ. ನಮಗೆ ಕಂಡಿರುವುದಿಲ್ಲ, ಇಲ್ಲವೇ ಹಿಂದೆ ಗದರಿಸಿ ಅದನ್ನು ನಾವೇ ನಿಲ್ಲಿಸಿರುತ್ತೇವೆ.

ಅಡ್ಡರಸ್ತೆಯ ತುದಿಯಲ್ಲಿ ಇನ್ನೊಂದು ನಾಯಿ ಕಂಡಾಗ ನಿಮ್ಮ ನಾಯಿಯ ಮುಖವನ್ನೇ ನೋಡಿ. ಅಲ್ಲಿಯವರೆಗೆ ಬಾಯಿ ಅರೆತೆರೆದು, ನಾಲಿಗೆ ಒಂದು ಕಡೆ ಇಳಿಬಿಟ್ಟು ನಡೆಯುತ್ತಿತ್ತು. ಈಗ ಬಾಯಿ ಮುಚ್ಚಿತು. ನಾಲಿಗೆ ಒಳಗೆ ಹೋಯಿತು. ಕಿವಿ ಎರಡೂ ಮುಂದಕ್ಕೆ ತಿರುಗಿದವು. ತೂಕ ಮುಂಗಾಲಿಗೆ ಬಂತು. ಬಾಲ ಮೇಲೆದ್ದು, ತುದಿ ಮಾತ್ರ ಗಡುಸಾಗಿ ಅಲುಗುತ್ತಿದೆ. ಇಷ್ಟೂ ನಡೆಯುವುದು ಎರಡು ಮೂರು ಸೆಕೆಂಡಿನಲ್ಲಿ. ಬೊಗಳು ಬರುವುದು ಇದಾದ ಮೇಲೆ. ಬಾಯಿ ಮುಚ್ಚಿದ ಆ ಕ್ಷಣವೇ ನಿಮ್ಮ ಗಡುವು. ಏನಾದರೂ ಮಾಡುವುದಿದ್ದರೆ ಅಷ್ಟರೊಳಗೆ ಮಾಡಬೇಕು.

ಹೆದರುವ ನಾಯಿಯ ಸೂಚನೆಗಳು ಇನ್ನೂ ಮೆತ್ತಗಿರುತ್ತವೆ. ತಿಂಡಿ ಇಲ್ಲದೆ ತುಟಿ ನೆಕ್ಕುವುದು, ನಿದ್ದೆ ಇಲ್ಲದೆ ಆಕಳಿಸುವುದು, ಮುಖ ಬೇರೆ ಕಡೆ ತಿರುಗಿಸುವುದು, ಮೈ ಒದ್ದೆಯಿಲ್ಲದಿದ್ದರೂ ಕೊಡವುವುದು. ಅದಕ್ಕೂ ನೀವು ನಿಲ್ಲದಿದ್ದರೆ ಕಣ್ಣಿನ ಬಿಳಿ ಅರ್ಧಚಂದ್ರದಂತೆ ಕಾಣುತ್ತದೆ, ಮೈ ಮರಗಟ್ಟುತ್ತದೆ. ಆಮೇಲೆ ಗುರ್, ಹಲ್ಲು ತೋರಿಸುವುದು, ಗಾಳಿಯಲ್ಲಿ ಕಚ್ಚುವುದು. ಕೊನೆಗೆ ಕಚ್ಚುವುದು. ಪ್ರತಿ ನಾಯಿಯೂ ಎಲ್ಲ ಮೆಟ್ಟಿಲನ್ನೂ ಹತ್ತಬೇಕೆಂದಿಲ್ಲ, ಕೆಲವು ನಡುವಿನವನ್ನು ಬಿಟ್ಟು ಹಾರುತ್ತವೆ. ಮೈ ಪೂರ್ತಿ ಮರಗಟ್ಟಿ ಉಸಿರು ಬಿಗಿಹಿಡಿದದ್ದು ಕಂಡರೆ ಮಾತ್ರ ಒಂದು ಕ್ಷಣವೂ ಕಾಯಬೇಡಿ, ದೂರ ಸರಿಯಿರಿ.

ಬಾಲ ಆಡಿಸುತ್ತಿದೆ, ಅಂದರೆ ಖುಷಿಯಾಗಿದೆ ಎಂದುಕೊಂಡು ಪೆಟ್ಟು ತಿಂದವರು ಬಹಳ ಮಂದಿ. ಸೊಂಟದ ಸಮೇತ ಮೈಯೆಲ್ಲ ಬಳುಕಿದರೆ ಅದು ಸ್ನೇಹ. ಮೈ ಬಿಗಿಯಾಗಿದ್ದು ಬಾಲ ಮಾತ್ರ ಮೇಲೆದ್ದು ಅಲುಗಿದರೆ ಅಲ್ಲ.

ಗುರ್ ಎಂದಾಗ ಹೊಡೆಯಬೇಡಿ, ಬೈಯಬೇಡಿ. ಗುರ್ ಎನ್ನುವುದು ಕಚ್ಚುವ ಮುಂಚೆ ನಾಯಿ ಕೊಡುವ ಎಚ್ಚರಿಕೆ. ಅದನ್ನು ಹೆದರಿಸಿ ನಿಲ್ಲಿಸಿದರೆ ಹೆದರಿಕೆ ಹಾಗೇ ಉಳಿಯುತ್ತದೆ, ಎಚ್ಚರಿಕೆ ಮಾತ್ರ ಹೋಗುತ್ತದೆ.

## ಹಂತ 3: ಸಾಮಾನು ಹೊಂದಿಸಿಕೊಳ್ಳಿ

ಹಾರ್ನೆಸ್: ಎದೆಯ ಮುಂದೆ ಇಂಗ್ಲಿಷಿನ ವೈ ಅಕ್ಷರದ ಆಕಾರದಲ್ಲಿ ಕೂರುವಂಥದ್ದು, ಭುಜಕ್ಕೆ ಅಡ್ಡ ಬರದಂಥದ್ದು. ಎರಡು ಬೆರಳು ಒಳಗೆ ಹೋಗುವಷ್ಟು ಸಡಿಲ ಸಾಕು. ಹೆದರಿದ ನಾಯಿ ಹಿಂದಕ್ಕೆ ಜಗ್ಗಿ ಹಾರ್ನೆಸ್‌ನಿಂದ ನುಸುಳಿಕೊಳ್ಳಬಹುದು. ಮನೆಯಲ್ಲೇ ಒಮ್ಮೆ ಹಿಂದಕ್ಕೆ ಎಳೆದು ಪರೀಕ್ಷೆ ಮಾಡಿ.

ಲೀಶ್: 6 ಅಡಿಯ ಗಟ್ಟಿ ಪಟ್ಟಿ. ಕಬ್ಬಿಣದ ಚೈನು ಕೈ ಕೊಯ್ಯುತ್ತದೆ. ಗುಂಡಿ ಒತ್ತಿದರೆ ಉದ್ದವಾಗುವ ಲೀಶ್ ಬೇಡವೇ ಬೇಡ. ಸ್ಕೂಟರ್ ಓಡಾಡುವ ರಸ್ತೆಯಲ್ಲಿ ಅದು ಅಪಾಯ. ಬಯಲು ಸಿಗುವವರಿಗೆ 15ರಿಂದ 30 ಅಡಿಯ ಉದ್ದ ಹಗ್ಗ ಉಪಯೋಗಕ್ಕೆ ಬರುತ್ತದೆ.

ತಿಂಡಿ: ಉಪ್ಪು, ಮಸಾಲೆ ಹಾಕದೆ ಬೇಯಿಸಿದ ಚಿಕನ್ ಅಥವಾ ಪನೀರ್, ಕಡಲೆಕಾಳಿನಷ್ಟು ಸಣ್ಣ ತುಂಡು. ಈರುಳ್ಳಿ, ಬೆಳ್ಳುಳ್ಳಿ ಬಿದ್ದ ಅಡುಗೆ ನಾಯಿಗೆ ವಿಷ, ಹಾಗಾಗಿ ಸಾರಿನಿಂದ ತೆಗೆದ ತುಂಡು ಬೇಡ. ಸೊಂಟಕ್ಕೆ ಕಟ್ಟುವ ಚೀಲದಲ್ಲಿಟ್ಟುಕೊಳ್ಳಿ. ಪ್ಲಾಸ್ಟಿಕ್ ಕವರ್ ಬಿಚ್ಚುವಷ್ಟರಲ್ಲಿ ಆ ಎರಡು ಸೆಕೆಂಡು ಕಳೆದಿರುತ್ತದೆ.

ಬಾಯಿಕುಕ್ಕೆ: ಅಂಗಡಿಯಲ್ಲಿ ಬಾಸ್ಕೆಟ್ ಮಜಲ್ ಎಂದು ಕೇಳಿ. ಬುಟ್ಟಿಯಂಥದ್ದಾದರೆ ನಾಯಿ ಬಾಯಿ ತೆರೆದು ಏದುಸಿರು ಬಿಡಬಹುದು, ನೀರು ಕುಡಿಯಬಹುದು, ತಿಂಡಿ ತಿನ್ನಬಹುದು. ಬಾಯಿ ಬಿಗಿದು ಕಟ್ಟುವ ಬಟ್ಟೆಯ ಪಟ್ಟಿಯಲ್ಲಿ ಇದಾವುದೂ ಆಗದು, ಬಿಸಿಲಲ್ಲಿ ಜೀವಕ್ಕೇ ಕುತ್ತು. ಹಿಂದೆ ಹಲ್ಲು ತಾಗಿಸಿದ ನಾಯಿಗೆ ಇದನ್ನು ಖಂಡಿತ ಅಭ್ಯಾಸ ಮಾಡಿಸಿ. ಮೊದಲ ದಿನವೇ ಕಟ್ಟಬೇಡಿ. ಒಳಗೆ ಪನೀರ್ ಇಟ್ಟು, ತಾನಾಗೇ ಮೂತಿ ಹಾಕುವ ತನಕ ಕೆಲವು ದಿನ ಬಿಡಿ. ಕಟ್ಟುವುದು ಆಮೇಲೆ.

ಕುತ್ತಿಗೆ ಬಿಗಿಯುವ ಚೋಕ್ ಚೈನ್, ಮುಳ್ಳಿನ ಪಟ್ಟಿ, ಶಾಕ್ ಕೊಡುವ ಕಾಲರ್ ಯಾವುದೂ ಬೇಡ. ಎದುರು ನಾಯಿ ಕಂಡಾಗಲೆಲ್ಲ ಕುತ್ತಿಗೆ ನೋಯುತ್ತದೆ ಎಂದರೆ, ಬೇರೆ ನಾಯಿ ಬಂದರೆ ನನಗೆ ನೋವು ಬರುತ್ತದೆ ಎಂದೇ ನಿಮ್ಮ ನಾಯಿ ಕಲಿಯುತ್ತದೆ. ಇದ್ದ ಹೆದರಿಕೆಗೆ ಕಾರಣವೊಂದು ಹೊಸದಾಗಿ ಸೇರಿತು.

## ಹಂತ 4: ಎರಡು ವಾರ ಬಿಡುವು ಕೊಡಿ

ಈ ಹಂತವನ್ನು ಹಾರಿಸುವವರೇ ಜಾಸ್ತಿ. ಏನೂ ಕಲಿಸದೆ ಸುಮ್ಮನಿರುವುದು ಕೆಲಸ ಅನ್ನಿಸುವುದಿಲ್ಲ. ಆದರೆ ಬೆಳಿಗ್ಗೆ ಲಿಫ್ಟಿನಲ್ಲಿ ಒಂದು ನಾಯಿ, ಗೇಟಿನ ಹತ್ತಿರ ಕಸದ ಆಟೋ, ಮೂಲೆಯಲ್ಲಿ ಬೀದಿನಾಯಿಗಳ ಗುಂಪು, ಹೀಗೆ ಒಂದರ ಮೇಲೊಂದು ಬಿದ್ದರೆ ಒತ್ತಡ ಇಳಿಯೋಕೆ ಗಂಟೆಗಳಲ್ಲ, ಒಂದೆರಡು ದಿನವೇ ಬೇಕಾಗಬಹುದು. ಅದರ ಮಧ್ಯೆ ಸಂಜೆ ಮತ್ತೆ ಅದೇ ರಸ್ತೆ. ನಾಯಿ ತಣ್ಣಗಾಗುವ ಅವಕಾಶವೇ ಸಿಗುವುದಿಲ್ಲ.

ಬಿಡುವು ಎಂದರೆ ಕೂಡಿಹಾಕುವುದಲ್ಲ. ಕೆರಳಿಸುವ ಸಂಗತಿಗಳು ಕಣ್ಣಿಗೆ ಬೀಳದ ಹಾಗೆ ದಿನ ಕಳೆಯುವುದು.

- ವಾಕಿಂಗ್ ಹೊತ್ತು ಬದಲಿಸಿ. ನಡುರಾತ್ರಿ ಖಾಲಿ ಇರುತ್ತದೆ ಎಂದು ಹೊರಡಬೇಡಿ. ವಾಹನ ಕಡಿಮೆಯಾದ ಮೇಲೆ ರಸ್ತೆ ಬೀದಿನಾಯಿಗಳದ್ದು, ಅದರಲ್ಲೂ ಚಿಕನ್ ಅಂಗಡಿ, ಕಬಾಬ್ ಗಾಡಿಗಳ ಹತ್ತಿರ. ಆಫೀಸು, ಸ್ಕೂಲಿಗೆ ಜನ ಹೋದ ಮೇಲಿನ ಬೆಳಗಿನ ಹೊತ್ತು ಬಹಳ ಬಡಾವಣೆಗಳಲ್ಲಿ ನಿರಾಳ. ಬೇಸಿಗೆಯಲ್ಲಾದರೆ ಟಾರು ರಸ್ತೆ ಕೈಗೆ ಸುಡುತ್ತದೆಯೇ ಎಂದು ಮುಟ್ಟಿ ನೋಡಿ.
- ಗೇಟಿನ ಸರಳಿನ ಸಂದಿಗೆ ಶೀಟು ಕಟ್ಟಿ. ಬಾಲ್ಕನಿಗೂ ಅಷ್ಟೆ. ಇಡೀ ದಿನ ಗೇಟಿಗೆ ಮೂತಿ ಒತ್ತಿ ಹೋಗುವವರಿಗೆಲ್ಲ ಬೊಗಳುವ ನಾಯಿ, ಎಗರಾಟವನ್ನು ದಿನಕ್ಕೆ ಹತ್ತಾರು ಸಲ ಅಭ್ಯಾಸ ಮಾಡುತ್ತಿದೆ.
- ಡೆಲಿವರಿಯವರಿಗೆ ಬೆಲ್ ಒತ್ತದೆ ಫೋನ್ ಮಾಡಲು ಬರೆದಿಡಿ.
- ನಡಿಗೆ ಕಡಿಮೆಯಾದರೂ ಮೂಸುವುದು ಜಾಸ್ತಿ ಇರಲಿ. ಮನೆಯಲ್ಲಿ ಹಳೆಯ ಟವೆಲ್‌ನಲ್ಲಿ ತಿಂಡಿ ಸುತ್ತಿಟ್ಟು ಹುಡುಕಲು ಬಿಡಿ. ಮೂಸುತ್ತಾ ಹುಡುಕುವುದು ನಾಯಿಯನ್ನು ಶಾಂತ ಮಾಡುತ್ತದೆ.

ಅಪಾರ್ಟ್‌ಮೆಂಟಿನಲ್ಲಿ ಇರುವವರು ಆದಷ್ಟು ಮೆಟ್ಟಿಲು ಬಳಸಿ. ಲಿಫ್ಟೇ ಬೇಕೆಂದರೆ ಬಾಗಿಲು ತೆರೆದ ಕೂಡಲೇ ನುಗ್ಗಬೇಡಿ. ನಾಯಿಯನ್ನು ಪಕ್ಕಕ್ಕೆ ನಿಲ್ಲಿಸಿ, ಒಳಗೆ ಇಣುಕಿ ನೋಡಿ. ಯಾರಾದರೂ ಇದ್ದರೆ "ನೀವು ಹೋಗಿ, ನಾವು ಆಮೇಲೆ ಬರ್ತೀವಿ" ಎನ್ನಿ.

## ಹಂತ 5: ಎರಡು ಮಾತು ಮನೆಯಲ್ಲೇ ಕಲಿಸಿ

ಬಿಡುವಿನ ವಾರಗಳಲ್ಲೇ ಇದು ಆಗಬೇಕು. ಬೀದಿಯಲ್ಲಿ ಕಲಿಸಲು ಹೋದರೆ ತಡವಾಯಿತು.

"ಹುಡುಕು": ಈ ಮಾತು ಹೇಳಿ, ನಾಲ್ಕೈದು ತುಂಡು ನೆಲಕ್ಕೆ ಚೆಲ್ಲಿ. ಮಾತು ಕೇಳಿದ ಕೂಡಲೇ ತಲೆ ನೆಲಕ್ಕೆ ಹೋಗುವ ತನಕ ದಿನಾ ಮಾಡಿ.

"ಬಾ ಬಾ": ಮನೆಯ ಹಾಲ್‌ನಲ್ಲಿ ಜೊತೆಗೆ ನಡೆಯುತ್ತಾ ಖುಷಿಯ ದನಿಯಲ್ಲಿ "ಬಾ ಬಾ" ಎಂದು ಪೂರ್ತಿ ಹಿಂದಕ್ಕೆ ತಿರುಗಿ. ನಾಯಿ ನಿಮ್ಮ ಜೊತೆ ತಿರುಗಿದರೆ ತಿಂಡಿ. ಆಮೇಲೆ ಮೆಟ್ಟಿಲ ಹತ್ತಿರ, ಪಾರ್ಕಿಂಗ್‌ನಲ್ಲಿ, ಖಾಲಿ ರಸ್ತೆಯಲ್ಲಿ. ಅಪಾಯ ಬಂದಾಗ ಎಳೆದುಕೊಂಡು ಓಡುವ ಬದಲು ಇಬ್ಬರೂ ಸೇರಿ ತಿರುಗಿ ಹೋಗುವುದಕ್ಕೆ ಇದು ಬೇಕು.

ಮನೆಯವರೆಲ್ಲರೂ ಇದೇ ಮಾತು ಬಳಸಬೇಕು. ಅಜ್ಜಿ ಒಂದು, ಮಗ ಇನ್ನೊಂದು ಹೇಳಿದರೆ ನಾಯಿಗೆ ಗೊಂದಲ.

## ಹಂತ 6: ನೆಮ್ಮದಿಯ ದೂರ ಪತ್ತೆ ಮಾಡಿ

ಎದುರಿನ ನಾಯಿ ಕಂಡೂ ನಿಮ್ಮ ನಾಯಿ ತಿಂಡಿ ತಿನ್ನುತ್ತದೆ, ಹೆಸರು ಕರೆದರೆ ತಿರುಗುತ್ತದೆ, ಮೈ ಸಡಿಲವಾಗಿಯೇ ಇದೆ ಎಂದರೆ ಆ ದೂರವೇ ನೆಮ್ಮದಿಯ ದೂರ. ಕೆಲವಕ್ಕೆ 15 ಹೆಜ್ಜೆ, ಕೆಲವಕ್ಕೆ 80. ಅದು ದಿನಕ್ಕೊಂದು ಥರ ಇರಬಹುದು.

ತಿಂಡಿಯನ್ನೇ ಅಳತೆಗೋಲು ಮಾಡಿಕೊಳ್ಳಿ. ಮೆತ್ತಗೆ ತೆಗೆದುಕೊಂಡರೆ ಸರಿ. ಬೆರಳನ್ನೂ ಸೇರಿಸಿ ಕಿತ್ತುಕೊಂಡರೆ ನೆಮ್ಮದಿಯ ಗೆರೆಯ ಹತ್ತಿರ ಬಂದಿದ್ದೀರಿ. ಮೂಸಿಯೂ ನೋಡದಿದ್ದರೆ ಗೆರೆ ದಾಟಿದ್ದೀರಿ, ಹಿಂದೆ ಹೋಗಿ.

ಶ್ರೀರಾಮಪುರ, ಮತ್ತಿಕೆರೆಯ ಕಿರಿದಾದ ಅಡ್ಡರಸ್ತೆಗಳಲ್ಲಿ 40 ಹೆಜ್ಜೆ ದೂರ ಎಲ್ಲಿಂದ ತರೋದು ಎಂದು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ದೂರ ಸಿಗದ ಕಡೆ ಮರೆ ಬಳಸಿ. ನಿಂತ ಕಾರು, ಗೋಡೆ, ಟ್ರಾನ್ಸ್‌ಫಾರ್ಮರ್ ಪಕ್ಕ, ಯಾವುದಾದರೂ ಆಗುತ್ತದೆ. ಅಭ್ಯಾಸಕ್ಕೆ ಮಾತ್ರ ವಾರದಲ್ಲಿ ಎರಡು ಮೂರು ದಿನ ಅಗಲವಾದ ರಸ್ತೆ ಇರುವ ಬಡಾವಣೆಗೆ ಕಾರಿನಲ್ಲೋ ಆಟೋದಲ್ಲೋ ಹೋಗಿ ಬನ್ನಿ. ಕಾರಿದ್ದವರು ಹಿಂದಿನ ಬಾಗಿಲು ತೆರೆದು ಅದರ ಮರೆಯಲ್ಲೇ ನಿಂತು ಶುರು ಮಾಡಬಹುದು.

ಭಾನುವಾರ ಕಬ್ಬನ್ ಪಾರ್ಕಿಗೆ ಕರೆದುಕೊಂಡು ಹೋಗಿ, ಹತ್ತು ನಾಯಿ ನೋಡಿದರೆ ಸರಿಹೋಗುತ್ತೆ ಎಂದು ಸಲಹೆ ಕೊಡುವವರು ಸಿಗುತ್ತಾರೆ. ಹೆದರುವ ನಾಯಿಯನ್ನು ಗುಂಪಿನ ನಡುವೆ ನಿಲ್ಲಿಸಿದರೆ ಅದು ಸುಮ್ಮನಾಗಬಹುದು. ಆ ಸುಮ್ಮನಿರುವಿಕೆ ಎಷ್ಟೋ ಸಲ ಕೈಚೆಲ್ಲಿ ಕುಳಿತದ್ದು, ಒಗ್ಗಿಕೊಂಡದ್ದಲ್ಲ.

## ಹಂತ 7: ನಿಜವಾದ ಅಭ್ಯಾಸ

ಗುರಿ ಒಂದೇ: ಬೇರೆ ನಾಯಿ ಕಂಡರೆ ನನಗೆ ಚಿಕನ್ ಬರುತ್ತದೆ ಎಂದು ನಿಮ್ಮ ನಾಯಿಗೆ ಅನ್ನಿಸಬೇಕು.

1. ನೆಮ್ಮದಿಯ ದೂರದಲ್ಲಿ ನಿಲ್ಲಿ. ಲೀಶ್ ಸಡಿಲವಾಗಿರಲಿ. ಬಿಗಿಹಿಡಿದರೆ ನಿಮ್ಮ ಗಾಬರಿ ನೇರ ನಾಯಿಗೆ ದಾಟುತ್ತದೆ.
2. ಎದುರಿನ ನಾಯಿ ನಿಮ್ಮ ನಾಯಿಗೆ ಕಾಣುವ ತನಕ ನಿಮ್ಮ ಕೈ ತಿಂಡಿ ಚೀಲದ ಹತ್ತಿರ ಹೋಗಬಾರದು.
3. ನಿಮ್ಮ ನಾಯಿ ಅದನ್ನು ನೋಡಿತು. ಒಂದು ಸೆಕೆಂಡು. ಈಗ ತಿಂಡಿ ಕೊಡಿ. ಆ ನಾಯಿ ಕಾಣುತ್ತಿರುವಷ್ಟು ಹೊತ್ತೂ ಒಂದೊಂದೇ ತುಂಡು ಕೊಡುತ್ತಿರಿ.
4. ಆ ನಾಯಿ ಮರೆಯಾಯಿತು. ತಿಂಡಿ ನಿಂತಿತು.
5. 5ರಿಂದ 10 ನಿಮಿಷಕ್ಕೆ ಮುಗಿಸಿ ಮನೆಗೆ ಹೊರಡಿ. ಚೆನ್ನಾಗಿ ನಡೆಯುತ್ತಿದೆ ಎಂದು ಎಳೆಯಬೇಡಿ.

ಎರಡನೆಯ ಮತ್ತು ಮೂರನೆಯ ಅಂಶ ತಿರುವುಮುರುವಾದರೆ ಎಲ್ಲ ಕೆಡುತ್ತದೆ. ದೂರದಲ್ಲಿ ನಾಯಿ ಬರುವುದು ನಿಮಗೆ ಮೊದಲು ಕಾಣುತ್ತದೆ, ನೀವು ಗಡಿಬಿಡಿಯಲ್ಲಿ ಚಿಕನ್ ತೆಗೆದು ಮೂತಿಗೆ ಹಿಡಿಯುತ್ತೀರಿ. ನಾಲ್ಕು ದಿನ ಹೀಗಾದರೆ ಚಿಕನ್ ಬಂತೆಂದರೆ ಎಲ್ಲೋ ನಾಯಿ ಇದೆ ಎಂದು ನಿಮ್ಮ ನಾಯಿ ಕಲಿತು, ಚಿಕನ್ ಕಂಡರೇ ಗಾಬರಿಯಾಗುತ್ತದೆ. "ನಮ್ಮ ನಾಯಿ ಹೊರಗೆ ತಿಂಡಿ ಮುಟ್ಟಲ್ಲ" ಎನ್ನುವವರಲ್ಲಿ ಎಷ್ಟೋ ಮಂದಿಯ ಕಥೆ ಇದು. ನೋಡುವುದು ಮೊದಲು, ತಿನ್ನುವುದು ಆಮೇಲೆ.

ಕೆಲವು ದಿನಗಳಾದ ಮೇಲೆ ಒಂದು ಬದಲಾವಣೆ ಬರುತ್ತದೆ. ಎದುರಿನ ನಾಯಿಯನ್ನು ನೋಡಿದ ಕೂಡಲೇ ನಿಮ್ಮ ನಾಯಿ ತಾನಾಗೇ ಕತ್ತು ತಿರುಗಿಸಿ ನಿಮ್ಮ ಮುಖ ನೋಡುತ್ತದೆ, ಎಲ್ಲಿ ನನ್ನ ಪಾಲು ಎಂಬಂತೆ. ಆಗ ಮಾತ್ರ ಮುಂದಿನ ಹಂತಕ್ಕೆ ಹೋಗಿ. ನೀವು ಕರೆದದ್ದಕ್ಕೆ ತಿರುಗಿದರೆ ಲೆಕ್ಕಕ್ಕಿಲ್ಲ.

## ಹಂತ 8: ದೂರ ಕಡಿಮೆ ಮಾಡಿ

ಸಲಕ್ಕೆ ಎರಡು ಮೂರು ಹೆಜ್ಜೆ, ಅಷ್ಟೆ. ಒಂದು ಸಲಕ್ಕೆ ಒಂದನ್ನೇ ಕಷ್ಟ ಮಾಡಿ. ದೂರ ಕಡಿಮೆ ಮಾಡಿದ ದಿನ ಶಾಂತವಾಗಿ ನಿಲ್ಲುವ ನಾಯಿ ಎದುರಿಗಿರಲಿ, ಹಾರಾಡುವುದಲ್ಲ. ನೇರ ಎದುರುಬದುರು ನಡೆಯಬೇಡಿ, ಬಿಲ್ಲಿನ ಹಾಗೆ ಬಳಸಿ ಹೋಗಿ.

ಎರಡು ಸಲ ಬೊಗಳಿದರೆ ಹಿಂದಿನ ದೂರಕ್ಕೆ ವಾಪಸ್. ಗಣೇಶ ಹಬ್ಬದ ಮೆರವಣಿಗೆ, ದೀಪಾವಳಿಯ ಪಟಾಕಿ ಇರುವ ವಾರಗಳಲ್ಲಿ ಅಭ್ಯಾಸ ನಿಲ್ಲಿಸಿ, 4ನೇ ಹಂತಕ್ಕೆ ಮರಳಿ. ಹಬ್ಬ ಮುಗಿದು ನಾಲ್ಕೈದು ದಿನಕ್ಕೆ ಮತ್ತೆ ಶುರು ಮಾಡಿದರೆ ಕಲಿತದ್ದು ಬೇಗ ನೆನಪಾಗುತ್ತದೆ.

ಇದಕ್ಕೆ ವಾರಗಳಲ್ಲ, ತಿಂಗಳುಗಳು ಬೇಕು. ಎಲ್ಲ ನಾಯಿಗಳ ಜೊತೆ ಆಡುವ ನಾಯಿ ಮಾಡಬೇಕೆಂಬ ಹಟ ಬೇಡ. ರಸ್ತೆಯ ಆಚೆ ಬದಿ ಇನ್ನೊಂದು ನಾಯಿ ಹೋದರೂ ತನ್ನ ಪಾಡಿಗೆ ನಡೆದರೆ ಅದು ಪೂರ್ತಿ ಗೆಲುವು.

## ಬೀದಿನಾಯಿಗಳು ಮೇಲೆ ಬಂದರೆ

ಬೆಂಗಳೂರಿನಲ್ಲಿ ಇದನ್ನು ಬಿಟ್ಟು ಯಾವ ಯೋಜನೆಯೂ ನಡೆಯದು. ಬೀದಿನಾಯಿಗಳಿಗೆ ತಮ್ಮ ತಮ್ಮ ಜಾಗ ಇರುತ್ತದೆ, ಗಡಿ ದಾಟಿದ ಮೇಲೆ ಹಿಂಬಾಲಿಸುವುದು ಕಡಿಮೆ. ನಿಮ್ಮ ದಾರಿಯಲ್ಲಿ ಯಾವ ಗುಂಪು ಯಾವ ಕಂಬದಿಂದ ಯಾವ ತಿರುವಿನವರೆಗೆ ಎಂದು ನಾಯಿ ಇಲ್ಲದೆ ಒಬ್ಬರೇ ನಡೆದು ನೋಡಿಕೊಳ್ಳಿ. ಮರಿ ಹಾಕಿದ ತಾಯಿ ಇರುವ ಮೂಲೆಯನ್ನು ಪೂರ್ತಿ ಬಿಟ್ಟುಬಿಡಿ.

ಬಂದೇ ಬಂದರೆ ಓಡಬೇಡಿ, ಕಲ್ಲು ಎತ್ತಬೇಡಿ, ನಿಮ್ಮ ನಾಯಿಯನ್ನು ಎತ್ತಿಕೊಂಡು ತಲೆ ಮೇಲೆ ಹಿಡಿಯಬೇಡಿ, ಅವು ನಿಮ್ಮ ಮೇಲೇ ಹಾರುತ್ತವೆ. ಒಂದು ಹಿಡಿ ಬಿಸ್ಕತ್ತನ್ನು ಅವುಗಳ ಹಿಂದಕ್ಕೆ ಬೀಳುವ ಹಾಗೆ ಎಸೆಯಿರಿ. ಅವು ತಿರುಗಿದ ಕೂಡಲೇ "ಬಾ ಬಾ" ಎಂದು ನಿಧಾನವಾಗಿ ಹೊರಟುಬಿಡಿ. ಆ ಬೀದಿಯಲ್ಲಿ ಅನ್ನ ಹಾಕುವವರು ಯಾರೆಂದು ಗೊತ್ತಿದ್ದರೆ ಮಾತಾಡಿ. ಅವರು ಹಾಕುವ ಹೊತ್ತು ತಿಳಿದರೆ ಆ ಹೊತ್ತು ತಪ್ಪಿಸಬಹುದು.

ಚೈನಿಲ್ಲದ ಸಾಕುನಾಯಿ ಓಡಿ ಬಂದು, "ಏನೂ ಮಾಡಲ್ಲ ಬಿಡಿ" ಎಂದು ಅದರ ಮಾಲೀಕರು ದೂರದಿಂದ ಕೂಗಿದರೆ, ವಾದಕ್ಕೆ ನಿಲ್ಲಬೇಡಿ. "ನಮ್ಮದಕ್ಕೆ ಹುಷಾರಿಲ್ಲ, ಅಂಟುತ್ತೆ" ಎಂದರೆ ಬೇಗ ಕರೆದುಕೊಳ್ಳುತ್ತಾರೆ.

## ಎಲ್ಲ ಕೈತಪ್ಪಿದಾಗ

ನಿಮ್ಮ ನಾಯಿ ಎಗರಿ ಬೊಗಳುತ್ತಿದೆ. ಈಗ ಕಲಿಸುವ ಹೊತ್ತಲ್ಲ. ಕೂರು, ಸುಮ್ನಿರು ಎಂದು ಕೂಗಬೇಡಿ. ಹಾರ್ನೆಸ್ ಹತ್ತಿರ ಲೀಶ್ ಹಿಡಿದು ತಿರುಗಿ ನಡೆಯಿರಿ. ಕೈಯನ್ನು ಮೂತಿಯ ಹತ್ತಿರ ತರಬೇಡಿ. ಕೆರಳಿದ ನಾಯಿ ತನ್ನವರನ್ನೂ ಕಚ್ಚುವುದುಂಟು, ಅದು ದ್ವೇಷದಿಂದಲ್ಲ. ಮರೆಗೆ ಬಂದ ಮೇಲೆ "ಹುಡುಕು" ಎಂದು ತಿಂಡಿ ಚೆಲ್ಲಿ. ಅವತ್ತಿನ ವಾಕಿಂಗ್ ಅಲ್ಲಿಗೆ ಸಾಕು, ಮರುದಿನವೂ ಹಗುರವಾಗಿರಲಿ.

ಯಾರಿಗಾದರೂ ಕಚ್ಚಿದರೆ ಮೊದಲು ಗಾಯವನ್ನು ಹರಿಯುವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ತೊಳೆಯಿರಿ. ಅರಿಶಿನ, ಕಾಫಿಪುಡಿ, ಸುಣ್ಣ ಹಚ್ಚಬೇಡಿ. ಅಂದೇ ಆಸ್ಪತ್ರೆಗೆ ಹೋಗಿ. ರಕ್ತ ಬಂದಿದ್ದರೆ ಲಸಿಕೆಯ ಜೊತೆ ಗಾಯಕ್ಕೆ ಇಮ್ಯುನೊಗ್ಲಾಬ್ಯುಲಿನ್ ಕೂಡ ಬೇಕಾಗಬಹುದು. ತೋಳಿನ ಸ್ನಾಯುವಿಗೆ ಕೊಡುವ ಲಸಿಕೆಯಾದರೆ 0, 3, 7, 14, 28ನೇ ದಿನ. ನಾಯಿಗೆ ಲಸಿಕೆ ಆಗಿದ್ದರೂ ಡಾಕ್ಟರನ್ನು ಕೇಳದೆ ಬಿಡಬೇಡಿ. ನಿಮ್ಮ ನಾಯಿಯೇ ಕಚ್ಚಿದ್ದರೆ 10 ದಿನ ಅದರ ಮೇಲೆ ನಿಗಾ ಇಡಿ, ಲಸಿಕೆ ಪುಸ್ತಕದ ಪ್ರತಿಯನ್ನು ಕಚ್ಚಿಸಿಕೊಂಡವರಿಗೆ ಕೊಡಿ.

## ಬೇರೆಯವರ ಸಹಾಯ ಯಾವಾಗ ಬೇಕು, ಯಾರದ್ದು

ಕಚ್ಚಿ ತೂತು ಬೀಳುವಂಥ ಗಾಯ ಮಾಡಿದೆ, ಮನೆಯ ಮಕ್ಕಳ ಮೇಲೆ ಗುರ್ ಎನ್ನುತ್ತದೆ, ಊಟದ ತಟ್ಟೆ ಅಥವಾ ಹಾಸಿಗೆಯ ಹತ್ತಿರ ಬಿಡುವುದಿಲ್ಲ, ಎರಡು ತಿಂಗಳು ಸರಿಯಾಗಿ ಮಾಡಿದರೂ ದೂರ ಒಂದು ಹೆಜ್ಜೆಯೂ ಕಡಿಮೆಯಾಗಿಲ್ಲ: ಇವುಗಳಲ್ಲಿ ಒಂದಿದ್ದರೂ ಕಾಯಬೇಡಿ. ಸಹಾಯ ಸಿಗುವ ತನಕ ಮಕ್ಕಳು ಮತ್ತು ನಾಯಿಯ ನಡುವೆ ಬಾಗಿಲೋ ಬೇಬಿ ಗೇಟೋ ಇರಲಿ.

ಕೆಲವು ನಾಯಿಗಳಿಗೆ ಔಷಧ ಬೇಕಾಗುತ್ತದೆ. ಫ್ಲುಯಾಕ್ಸೆಟಿನ್ ಥರದ ಔಷಧವನ್ನು ಪಶುವೈದ್ಯರೇ ಬರೆಯಬೇಕು. ಪೂರ್ತಿ ಪರಿಣಾಮ ಕಾಣಲು ಕೆಲವು ವಾರ ಹಿಡಿಯುತ್ತದೆ, ತಾವಾಗಿ ನಿಲ್ಲಿಸಬಾರದು. ಔಷಧ ಕೊಟ್ಟರೆ ನಾಯಿ ಮಂಕಾಗುತ್ತದೆ ಎಂದು ಹಿಂಜರಿಯುವವರಿದ್ದಾರೆ. ಸರಿಯಾದ ಪ್ರಮಾಣ ಸಿಕ್ಕಾಗ ಆಗುವುದು ಬೇರೆ. ಹೆದರಿಕೆ ತಗ್ಗಿ, ಮೇಲಿನ ಹಂತಗಳನ್ನು ಕಲಿಯುವಷ್ಟು ಮನಸ್ಸು ತಿಳಿಯಾಗುತ್ತದೆ.

ಟ್ರೈನರ್ ಆರಿಸುವಾಗ ಎರಡು ಪ್ರಶ್ನೆ ಕೇಳಿ. ನನ್ನ ನಾಯಿ ಸರಿ ಮಾಡಿದರೆ ಏನು ಕೊಡುತ್ತೀರಿ? ತಪ್ಪು ಮಾಡಿದರೆ ಏನು ಮಾಡುತ್ತೀರಿ? ಎರಡನೆಯದಕ್ಕೆ ಚೋಕ್ ಚೈನ್, ನೆಲಕ್ಕೆ ಒತ್ತಿ ಹಿಡಿಯುವುದು, "ನೀವು ಲೀಡರ್ ಅಂತ ತೋರಿಸಬೇಕು" ಎಂಬ ಉತ್ತರ ಬಂದರೆ ಬೇರೆಯವರನ್ನು ಹುಡುಕಿ. ಈ ಲೀಡರ್ ಲೆಕ್ಕ ಹುಟ್ಟಿದ್ದು ಸೆರೆಯಲ್ಲಿಟ್ಟ ತೋಳಗಳನ್ನು ನೋಡಿ. ಅದನ್ನು ಜನಪ್ರಿಯ ಮಾಡಿದ ತೋಳ ತಜ್ಞ ಡೇವಿಡ್ ಮೆಕ್ ಅವರೇ ಆಮೇಲೆ ಅದು ಸರಿಯಲ್ಲ ಎಂದಿದ್ದಾರೆ. ನಾಯಿಯನ್ನು 20 ದಿನ ತಮ್ಮಲ್ಲೇ ಇಟ್ಟುಕೊಂಡು ಸರಿ ಮಾಡಿ ವಾಪಸ್ ಕೊಡುತ್ತೇವೆ ಎನ್ನುವವರಿಗೂ ಒಪ್ಪಬೇಡಿ. ನಿಮ್ಮ ನಾಯಿ ಎಗರಾಡುವುದು ನಿಮ್ಮ ಬೀದಿಯಲ್ಲಿ, ನಿಮ್ಮ ಕೈಯಲ್ಲಿ ಲೀಶ್ ಇರುವಾಗ. ಕಲಿಕೆಯೂ ಅಲ್ಲೇ ಆಗಬೇಕು. ಮನೆಗೇ ಬಂದು, ಲೀಶ್ ನಿಮ್ಮ ಕೈಗೆ ಕೊಟ್ಟು, ಪಕ್ಕದಲ್ಲಿ ನಿಂತು ಹೇಳಿಕೊಡುವವರನ್ನು ಆರಿಸಿ.